ನಿಂಬೆಗಿಡದ ಸಲುವಾಗಿ ಖಾನಾಪುರಕ್ಕೆ

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬೆಳಗಾವಿಯ ಶಹಾಪುರದ ಮನೆ ಬಿಟ್ಟೆ. ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ಹಿತ್ತಲಿನ ನಿಂಬೆಗಿಡದ ಒಂದು ಟೊಂಗೆ, ಒಂದು ತುಂಡು ಬೇರು. ಎಂಟು ವರ್ಷವಾದರೂ ಆ ಗಿಡ ಒಂದು ಹೂವೂ ಬಿಟ್ಟಿರಲಿಲ್ಲ. ಸೋಮವಾರ ಗೌಂಡಿ ಬಂದು ಅದನ್ನು ಕಡಿದು ನೀರಿನ ಟಾಕಿ ಕಟ್ಟುವವನಿದ್ದ. ಮಗ ಅವನಿಗೆ ಹೇಳಿಯಾಗಿತ್ತು. ಪೇಟೆಯ ಅಂಗಡಿಯ ಗೊಬ್ಬರವನ್ನೂ ಹಾಕಿ ನೋಡಿದ್ದೆ. ಎಲೆ ಹೆಚ್ಚಾದವು, ಅಷ್ಟೇ. ಸಸಿ ತಂದದ್ದು ಖಾನಾಪುರದಿಂದ, ಕೇಳುವುದೂ ಅಲ್ಲಿಯವರನ್ನೇ ಎಂದು ಹೊರಟೆ.

ಬಸ್ಸಿನಲ್ಲಿ ಒಂದು ತಾಸಿನ ದಾರಿ. ಡಿಸೆಂಬರ್ ಚಳಿ. ನನಗೆ ಕುಳಿತಲ್ಲಿ ಕುಳಿತಿರಲು ಬರುವುದಿಲ್ಲ. ಬಸ್ಸು ನಿಂತಲ್ಲೆಲ್ಲ ನಾನೂ ಎದ್ದು ನಿಂತೆ.

"ಅಜ್ಜೀ, ನೀವು ನಿಂತ್ರ ಬಸ್ ಲಗೂ ಓಡತೈತೇನ್ರಿ? ಕುಂದರ್ರಿ," ಎಂದ ಕಂಡಕ್ಟರ್. ಬಾಜೂ ಇದ್ದ ಮರಾಠಿ ಹೆಂಗಸು ಸೆರಗು ಜಗ್ಗಿ ಕೂರಿಸಿದಳು.

ಖಾನಾಪುರದ ತೋಟಗಾರಿಕೆ ಕಚೇರಿಯ ಸಾಹೇಬರು ಪಾರಿಶ್ವಾಡಕ್ಕೆ ಹೋಗಿದ್ದರು. ಬಂದದ್ದು ಹನ್ನೆರಡಕ್ಕೆ. ಅಷ್ಟರಲ್ಲಿ ಐದು ಸಲ ರಸ್ತೆಗೆ ಹೋಗಿ ಬಂದಿದ್ದೆ. ರೊಟ್ಟಿಯನ್ನೂ ನಿಂತೇ ತಿಂದಿದ್ದೆ.

ಸಾಹೇಬರು ಬೇರನ್ನು ತಿರುಗಿಸಿ ನೋಡಿದರು. "ಇದರ ಮಣ್ಣ ಎಲ್ಲೈತ್ರಿ?"

"ತೊಳದೀನ್ರಿ. ಆಫೀಸಿಗೆ ಯಾರರ ಕೆಸರ ತರ್ತಾರೇನು?"

"ಮಣ್ಣ ನೋಡದ ನಾ ಏನ ಹೇಳ್ಲಿ? ಸಸಿ ನಮ್ಮ ಕಡೀದ ಖರೆ. ಮಣ್ಣು, ನೀರು ನಿಮ್ಮೂರಿನ್ವು ಅಲ್ಲೇನ್ರಿ?"

ಬೆಳಗಾವಿಗೆ ಹೋಗಿ ಮಣ್ಣು ತರುವಷ್ಟರಲ್ಲಿ ಕಚೇರಿ ಮುಚ್ಚುತ್ತದೆ, ನಾಳೆ ಎರಡನೇ ಶನಿವಾರ, ನಾಡಿದ್ದು ರವಿವಾರ, ಸೋಮವಾರ ಗೌಂಡಿ ಬಂದುಬಿಡುತ್ತಾನೆ. ಹಾಗೆಂದೇ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಹಿಂದೆಯೇ ಹೋದೆ. ಬಾಗಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿ ಎತ್ತಿ, ಅಡಿಯ ಕೆಸರು ಕೆರೆದು ಮೂಸುತ್ತಿದ್ದರು. ನನಗೆ ನಾಚಿಕೆಯಾಯಿತು.

"ಚಪ್ಪಲಿ ಬಿಡ್ರಿ ಸಾಹೇಬ್ರ, ಏನದು."

"ಇದು ಗಿಡದ ಬುಡದ್ದ ಹೌದಿಲ್ಲೋ?"

"ಬೇರ ಕೀಳಾಕ ಹೋಗಿದ್ನಲ್ರೀ. ಹತ್ತಿರಬೇಕು."

"ಮಳಿ ಹೋಗಿ ಎರಡ ತಿಂಗಳಾತು. ಇಷ್ಟ ಕೆಸರ ಎಲ್ಲಿಂದ ಬಂತು? ಸಾಬೂನ ವಾಸನಿ ಬೇರೆ."

ಬಚ್ಚಲ ನೀರು ಗಿಡಕ್ಕೇ ಹೋಗುತ್ತದೆ, ಅದರ ಮೇಲೆ ಸಂಜೆಗೆ ಎರಡು ಕೊಡ ನಾನು ಹಾಕುತ್ತೇನೆ ಎಂದೆ.

"ಹೊಟ್ಟಿ ತುಂಬಿದ ನಿಂಬಿ ಬರೇ ಎಲಿ ಬಿಡತೈತ್ರಿ. ಬಚ್ಚಲ ಮೋರಿ ತಿರಗಸ್ರಿ. ಒಂದ ತಿಂಗಳ ಹನಿ ನೀರ ಹಾಕಬ್ಯಾಡ್ರಿ. ಎಲಿ ಬಾಡಿದ್ರೂ ಸುಮ್ನಿರ್ರಿ. ಆಮ್ಯಾಲ ಸಗಣಿ ಗೊಬ್ಬರ ಹಾಕಿ ನೀರ ಬಿಡ್ರಿ."

"ಸುಮ್ನ ಇರೂದ? ಅದೊಂದು ಬಿಟ್ಟು ಬೇರೆ ಔಷಧ ಇಲ್ಲೇನ್ರಿ?"

"ಇಲ್ರಿ," ಎಂದು ನಕ್ಕರು.

ಕತ್ತಲಾಗುವ ಮೊದಲೇ ಮನೆ ಸೇರಿದೆ. ಮಗ, "ಆತು, ಹೋಳಿತನಾ ನೋಡೂಣು. ಹೂ ಬರ್ಲಿಲ್ಲಂದ್ರ ಟಾಕಿ," ಎಂದ. ಸೋಮವಾರ ಬಂದ ಗೌಂಡಿ ಗಿಡ ಕಡಿಯಲಿಲ್ಲ. ನಾನು ತೋರಿಸಿದ ಕಡೆಗೆ ಮೋರಿ ತಿರುಗಿಸಿದ. ಅವತ್ತು ಸಂಜೆಯೂ ಕೈ ತಾನಾಗಿ ಕೊಡಕ್ಕೆ ಹೋಯಿತು. ಕೊಡವನ್ನು ಸೊಸೆಗೆ ಕೊಟ್ಟು, "ನನಗ ಕಾಣದಂಗ ಇಡು," ಎಂದೆ.

ಆಮೇಲೆ ದಿನಾ ಗಿಡದ ಸುತ್ತ ಒಂದು ಸುತ್ತು ಹಾಕಿ ಚಪ್ಪಲಿ ತಿರುವಿ ನೋಡಿದೆ. ಎಂಟನೆಯ ದಿನ ಚಪ್ಪಲಿಯ ಅಡಿಗೆ ಒಂದು ಚೂರೂ ಕೆಸರು ಅಂಟಿರಲಿಲ್ಲ.