ಗೂಡಿಗೆರಡು ಕಡ್ಡಿ

ಮೇ ತಿಂಗಳ ಒಂದು ಬೆಳಗ್ಗೆ, ಐದೂವರೆ. ಫ್ರಿಸ್‌ಲ್ಯಾಂಡಿನ ಹುಲ್ಲುಗಾವಲಿನ ಮಂಜು ಇನ್ನೂ ಕರಗಿಲ್ಲ. ಅರವತ್ತೊಂದರ ಹೆಂಗಸು ಹಿಸ್ಕೆ ವಿಲಿಂಗಾ ಉದ್ದನೆಯ ಕೋಲನ್ನು ಕಾಲುವೆಯ ನಡುವೆ ಊರಿ ಒಂದೇ ನೆಗೆತಕ್ಕೆ ಆಚೆ ದಡ ಸೇರುತ್ತಾರೆ. ಪತ್ರಿಕೆಗೆ ಬರೆಯಲು ಬಂದು, ಈಚೆ ನಿಂತು ಹಿಂದೆಮುಂದೆ ನೋಡುತ್ತಿರುವ ನನಗೆ ಪಿಸುಗುಡುತ್ತಾರೆ: "ಬೀಳೋದಾದ್ರೆ ಸದ್ದು ಮಾಡ್ದೆ ಬೀಳು. ಹಕ್ಕಿ ಕಾವಿಗೆ ಕೂತಿವೆ."

ಸಿಬ್ರೆನ್ ಎಂಬ ರೈತರ ಕೊಟ್ಟಿಗೆಯಲ್ಲಿ ಹಾಲು ಕರೆಯುವುದು ಹಿಸ್ಕೆಯವರ ಹೊಟ್ಟೆಪಾಡು. ಅದಕ್ಕೆ ಮುಂಚಿನ ಎರಡು ಗಂಟೆ ಗ್ರುಟ್ಟೊ ಹಕ್ಕಿಗಳದ್ದು. ಉದ್ದ ಕೊಕ್ಕಿನ ಈ ಹಕ್ಕಿ ಹುಲ್ಲಿನೊಳಗೆ ನೆಲದಲ್ಲೇ ನಾಲ್ಕು ಮೊಟ್ಟೆ ಇಡುತ್ತದೆ. ಹುಲ್ಲು ಕೊಯ್ಯುವ ಯಂತ್ರ ಹತ್ತಿದವರಿಗೆ ಅದು ಕಾಣುವುದಿಲ್ಲ. ಅದಕ್ಕೇ ಇವರು ಗೂಡು ಹುಡುಕಿ, ಆಚೆ ಐದು ಹೆಜ್ಜೆ, ಈಚೆ ಐದು ಹೆಜ್ಜೆ ಬಿಟ್ಟು ಬಿದಿರು ಕಡ್ಡಿ ನೆಡುತ್ತಾರೆ. ಕಡ್ಡಿ ಕಂಡಲ್ಲಿ ಸಿಬ್ರೆನ್ ಗೂಡನ್ನು ಬಿಟ್ಟು ಸುತ್ತಿಕೊಂಡು ಯಂತ್ರ ಓಡಿಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿದೆ.

ಕಳೆದ ವರ್ಷ ಏಪ್ರಿಲ್ ಕೊನೆಗೆ ಕಝಾಕಿಸ್ತಾನದ ಕಡೆಯ ಅಪರೂಪದ ಟಿಟ್ಟಿಭ ಹಕ್ಕಿಯೊಂದು ದಾರಿ ತಪ್ಪಿ ಈ ಹುಲ್ಲುಗಾವಲಿಗಿಳಿಯಿತು. ಹಿಸ್ಕೆ ಖುಷಿಯಿಂದ ಪಕ್ಷಿ ಸಂಘಕ್ಕೆ ಫೋನ್ ಮಾಡಿದರು. ಮರುದಿನ ದುರ್ಬೀನು ಹೊತ್ತು ಮುನ್ನೂರು ಜನ ಬಂದರು. ಹುಲ್ಲುಗಾವಲಿನಲ್ಲಿ ಸಾಲಾಗಿ ಕಡ್ಡಿ ಕಂಡವು. ತಮಗೆ ದಾರಿ ತೋರಿಸಲೆಂದೇ ಯಾರೋ ಪುಣ್ಯಾತ್ಮರು ನೆಟ್ಟಿದ್ದಾರೆಂದುಕೊಂಡು, ಕಡ್ಡಿಯಿಂದ ಕಡ್ಡಿಗೆ ನಡೆದರು! ಹಕ್ಕಿ ಪ್ರೇಮಿಗಳಂತೆ. ಗೂಡು ಕಾಯುವ ಕಡ್ಡಿಯ ಗುರುತು ಸಿಗದವರದ್ದು ಅದೆಂಥ ಪ್ರೇಮ?

"ನಾನು ಹಾಲು ಕರೆದು ಬರೋ ಹೊತ್ಗೆ ಮುಗ್ದೇ ಹೋಗಿತ್ತು. ಇಪ್ಪತ್ತಾರು ಗೂಡಲ್ಲಿ ಹನ್ನೊಂದು ಬೂಟಿನಡಿ. ಉಳಿದವುಗಳ ತಾಯಂದ್ರು ಹೆದ್ರಿ ವಾಪಸ್ ಬರ್ಲಿಲ್ಲ, ಮೊಟ್ಟೆ ಕಾಗೆ ಪಾಲು. ಒಬ್ಬ ಬಂದು ಥ್ಯಾಂಕ್ಸ್ ಬೇರೆ ಹೇಳ್ದ, ದಾರಿ ಚೆನ್ನಾಗಿ ಮಾಡಿದ್ದೀರ ಅಂತ. ಕೈಲಿದ್ದ ಕೋಲು ತಗೊಂಡು..." ಎನ್ನುತ್ತಾ ಹಿಸ್ಕೆ ಮುಂದಿನ ಗೂಡಿನತ್ತ ಹೆಜ್ಜೆ ಹಾಕುತ್ತಾರೆ.

"ಕಾಲುವೆಗೆ ತಳ್ಳಿದ್ಲು ಅವನ್ನ," ಎಂದು ಕೊಟ್ಟಿಗೆಯಲ್ಲಿ ಸಿಕ್ಕ ಸಿಬ್ರೆನ್ ಮಾತು ಪೂರ್ತಿ ಮಾಡುತ್ತಾರೆ.

ಸಂಘದ ವರ್ಷದ ವರದಿ ನನ್ನ ಮುಂದಿದೆ. 'ಮರೆಯಲಾಗದ ವರ್ಷ' ಎಂಬ ತಲೆಬರಹ. ಮುಖಪುಟದಲ್ಲಿ ಆ ಟಿಟ್ಟಿಭ, ಒಳಗೆ ಅದಕ್ಕೇ ನಾಲ್ಕು ಪುಟ. ಗ್ರುಟ್ಟೊಗೆ ಮೂವತ್ತೆಂಟನೇ ಪುಟದ ತಳದಲ್ಲಿ ಒಂದು ಸಾಲು: 'ಸಂತಾನ ನಿರೀಕ್ಷೆಗಿಂತ ಕಡಿಮೆ.' ಯಾಕೆ ಕಡಿಮೆ ಎಂದು ಬರೆಯಲು ಇವರ ಕೈಗೇನಾಗಿತ್ತು? ಓದುತ್ತಾ ನನಗೆ ಮೈಯೆಲ್ಲ ಉರಿಯಿತು.

ಹಿಸ್ಕೆಗೆ ಸಿಟ್ಟು ತಮ್ಮ ಮೇಲೆಯೇ ಹೆಚ್ಚು. "ಫೋನ್ ಮಾಡಿದ್ದು ನಾನೇ ತಾನೆ?" ಈ ವರ್ಷ ಮತ್ತೆ ಹದಿನೇಳು ಗೂಡಿಗೆ ಕಡ್ಡಿ ನೆಟ್ಟಿದ್ದಾರೆ. ಅವನ್ನು ನನಗೆ ತೋರಿಸುತ್ತಿರುವಾಗಲೇ ಕಾಲುವೆಯಾಚೆ ಯಾವುದೋ ಹಕ್ಕಿ ಹಾರಿ ಬಂದು ಕೂರುತ್ತದೆ. ಇಲ್ಲಿಯದಲ್ಲ, ನನಗೂ ಗೊತ್ತಾಗುತ್ತದೆ. ನಾನು ಪೆನ್ನು ತೆಗೆಯುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿಯುತ್ತಾರೆ. "ಗ್ರುಟ್ಟೊ ಮರಿ ಹಾರೋ ತನಕ ಒಂದಕ್ಷರ ಅಚ್ಚಾಗ್ಬಾರ್ದು. ಆಣೆ ಮಾಡು."

ಮಾಡಿದೆ. ಸಂಪಾದಕರು ಎರಡು ಸಲ ಗದರಿದರೂ ಈ ಬರಹ ಏಳು ವಾರ ನನ್ನ ಬಳಿಯೇ ಇತ್ತು. ಮೊನ್ನೆ ಫೋನ್ ಬಂತು.

"ಇಪ್ಪತ್ಮೂರು ಮರಿ ಹಾರಿದ್ವು. ಈಗ ಬರ್ಕೋ."

"ಆವತ್ತು ಕಾಲುವೆಯಾಚೆ ಬಂದಿತ್ತಲ್ಲ, ಅದು?"

"ಯಾವ್ದು?" ಎಂದರು ಹಿಸ್ಕೆ. "ನಾನೇನೂ ನೋಡ್ಲಿಲ್ಲಪ್ಪ."