ದೊಡ್ಡಪ್ಪನ ಕಟ್ಟೆಗೆ ಬಂದ ಸರ್ಕಾರ

ಮಂತ್ರಿಗಳು ಆ ದಿನ ನಿಜವಾಗಿಯೂ ನಮ್ಮ ದೊಡ್ಡಪ್ಪನ ಕಡೆ ಬೆರಳು ತೋರಿಸಿದರೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು. ಯಾವುದನ್ನೂ ಸುಲಭಕ್ಕೆ ನಂಬಬಾರದೆಂದು ವಿಶ್ವವಿದ್ಯಾಲಯ ಕಲಿಸಿತು. ನಂಬದಿರುವುದಕ್ಕೆ ಬೇರೇನೂ ಸಿಗದಾಗ ನನ್ನ ನೆನಪನ್ನೇ ಹಿಡಿದುಕೊಂಡಿದ್ದೇನೆ.

ಮೊನ್ನೆ ಸಿಂಧನೂರಿನ ಹೋಟೆಲ್ಲೊಂದರಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನುತ್ತಿದ್ದೆ. ಗೋಡೆಯ ಟಿವಿಯಲ್ಲಿ ಅದೇ ಮಂತ್ರಿಗಳು ಪತ್ರಕರ್ತರಿಗೆ ಉತ್ತರ ಕೊಡುತ್ತಿದ್ದರು. ‘ಸೇವೆಗಳ ವಿಕೇಂದ್ರೀಕರಣ’ ಎಂದರು. ಮೆಣಸಿನಕಾಯಿ ನೆತ್ತಿಗೇರಿತೋ, ಆ ಮಾತು ಏರಿತೋ, ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿತು. ಪರೀಕ್ಷೆಯಲ್ಲಿ ಆ ಪದದ ಮೇಲೆ ಪುಟಗಟ್ಟಲೆ ಬರೆದವನು ನಾನು. ಅರ್ಥ ಗೊತ್ತಾದದ್ದು ಮಾತ್ರ ದೊಡ್ಡಪ್ಪನ ಮನೆಯ ಮುಂದೆ.

ಮಂತ್ರಿಗಳು ನಮ್ಮೂರಿಗೆ ಬಂದದ್ದು ಊರು ಹೊಸದಾಗಿ ಆದ ಮಸ್ಕಿ ತಾಲೂಕಿಗೆ ಸೇರಿದ ಮೇಲೆ. ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿ, ಜನ ಪ್ರಶ್ನೆ ಕೇಳಬಹುದು ಎಂದು ಡಂಗುರ ಸಾರಿದ್ದರು. ಮುಂದಿನ ಸಾಲಿನಿಂದ ಒಬ್ಬ ರೈತ ಎದ್ದ.

“ಸಾಹೇಬ್ರ, ಮೊದಲ ಎಲ್ಲಾದಕ್ಕೂ ಲಿಂಗಸುಗೂರಿಗೆ ಹೋಗತಿದ್ವಿ. ಈಗ ಮಸ್ಕಿ ಅಂತಾರ. ನಾವು ಯಾವ ಬಸ್ಸ ಹತ್ತೂಣ್ರಿ?”

“ನೀವ್ಯಾಕ ಬಸ್ಸ ಹತ್ತತೀರಿ? ಇನ್ನ ಸರಕಾರನ ಬಸ್ಸ ಹತ್ತಿ ನಿಮ್ಮ ಮನಿ ಬಾಗಲಕ ಬರತೈತಿ!”

ಮಂತ್ರಿಗಳ ಈ ಮಾತಿಗೆ ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿದ್ದ ದೊಡ್ಡಪ್ಪ ಬಸಣ್ಣ ಚಪ್ಪಾಳೆ ತಟ್ಟಲಿಲ್ಲ. ಮಾತನ್ನು ತೂಗಿ ನೋಡುವ ಮನುಷ್ಯ. ಎದ್ದು ನಿಂತು ಕೇಳಿದ: “ಯಾರ ಮನಿ ಬಾಗಲಕ್ರಿ?”

ಸಭೆ ನಕ್ಕಿತು. ಮಂತ್ರಿಗಳು ಬೆರಳು ಚಾಚಿ (ಚಾಚಿದರೆಂದು ನನ್ನ ನೆನಪು), “ನಿಮ್ಮ ಮನಿ ಬಾಗಲಕ, ಯಜಮಾನ್ರ!” ಎಂದರು. ವೇದಿಕೆಯ ಹಿಂದೆ ನಿಂತಿದ್ದ ಅಧಿಕಾರಿಗಳು ಅದನ್ನು ಉತ್ತರವೆಂದುಕೊಳ್ಳಲಿಲ್ಲ, ಆದೇಶವೆಂದುಕೊಂಡರು. ಮರುವಾರವೇ ಒಂದು ಜೀಪು ಊರೊಳಗೆ ಬಂದು ದೊಡ್ಡಪ್ಪನ ಮನೆ ಕೇಳಿತು. ಕಟ್ಟೆಯ ಮೇಲೆ ಟೇಬಲ್, ಕಂಪ್ಯೂಟರು, ಕಂಪ್ಯೂಟರಿನ ಹಿಂದೆ ಒಬ್ಬ ಅಧಿಕಾರಿ. ಅಂದಿನಿಂದ ಪ್ರತಿ ಮಂಗಳವಾರ ಊರಿನವರೆಲ್ಲ ದೊಡ್ಡಪ್ಪನ ಬಾಗಿಲಲ್ಲಿ ಸಾಲು ನಿಂತರು.

ದೊಡ್ಡಪ್ಪನಿಗೂ ಒಂದು ಕೆಲಸವಿತ್ತು. ಮೊಮ್ಮಗಳು ರೇಣುಕಾ ಸಿಂಧನೂರಿನಲ್ಲಿ ಕಾಲೇಜು ಓದಬೇಕು, ಹಾಸ್ಟೆಲ್ ಸೀಟಿಗೆ ಜಾತಿ-ಆದಾಯದ ಪ್ರಮಾಣಪತ್ರ ಬೇಕು. ಅದನ್ನು ಹಾಸ್ಟೆಲ್‌ಗೆ ಸಲ್ಲಿಸುವ ಕಡೆಯ ದಿನ ಹತ್ತಿರ ಬರುತ್ತಿತ್ತು. ಸೀಟು ತಪ್ಪಿದರೆ ಕಾಲೇಜೂ ಇಲ್ಲ. ಅವಳ ಅಪ್ಪ ಭತ್ತ ಕೊಯ್ಯುವ ಯಂತ್ರದ ಹಿಂದೆ ಗೊರೇಬಾಳದ ಕಡೆ ಹೋದವನು, ದಿನಾ ಕರೆದೊಯ್ದು ಕರೆತರುವವರು ಯಾರು?

ಪ್ರಮಾಣಪತ್ರ ಕೊಡುವ ಅಧಿಕಾರಿ ತನ್ನ ಕಟ್ಟೆಯ ಮೇಲೆಯೇ ಕೂತಿದ್ದಾನೆ, ಕೇಳಿದರಾಯಿತು ಎಂದು ನೀವು ಅನ್ನುತ್ತೀರಿ. ನಾನೂ ಅಂದೆ.

“ನಿನಗ ಓದಿಸಿದ್ದು ದಂಡ ಆತು ನೋಡಲೇ,” ಎಂದ ದೊಡ್ಡಪ್ಪ. “ಕಟ್ಟಿ ಮ್ಯಾಲ ಬಂದು ಕುಂತವ ಬೀಗರಿದ್ದಂಗ. ಬೀಗರಿಗೆ ಚಾ ಕುಡಸಬೇಕು. ಅವರ ಮುಂದ ಕೈ ಚಾಚ್ತಾರೇನು?”

ಹಾಗಾಗಿ ಅಧಿಕಾರಿಗೆ ಚಹಾ ಹೋಯಿತು, ಒಗ್ಗರಣಿ ಹೋಯಿತು. ಪಾಪ, ಅವರೇ ಒಮ್ಮೆ ಕೇಳಿದರು: “ಯಜಮಾನ್ರ, ನಿಮ್ಮದೇನರ ಕೆಲಸ ಐತೇನ್ರಿ?”

“ಏನೂ ಇಲ್ರಿ. ಇನ್ನೊಂದು ಮಿರ್ಚಿ ತಗೋರಿ.”

ಬಾಗಿಲ ಹಿಂದೆ ರೇಣುಕಾ ಹಣೆ ಚಚ್ಚಿಕೊಂಡಳು. “ನಾ ಕೇಳ್ತೀನಿ ಮುತ್ಯಾ” ಎಂದರೆ, “ನೀ ಕೇಳಿದರ ನಾ ಕೇಳಿದಂಗ” ಎಂದು ಗದರಿಸಿದ.

ಮುಂದಿನ ಮಂಗಳವಾರ ದೊಡ್ಡಪ್ಪ ಒಂದು ಉಪಾಯ ಮಾಡಿದ. ಅಧಿಕಾರಿಯನ್ನು ಅವರದೇ ಕಚೇರಿಯಲ್ಲಿ ಕಂಡರೆ ಕೇಳುವುದಕ್ಕೆ ಅಡ್ಡಿಯಿಲ್ಲವಲ್ಲ! ಬೆಳಗ್ಗೆಯೇ ಮಸ್ಕಿಗೆ ಬಸ್ಸು ಹತ್ತಿದ. ಅಲ್ಲಿ ಜವಾನ ಹೇಳಿದ: “ಸಾಹೇಬ್ರು ಹಳ್ಳಿಗೆ ಹೋಗ್ಯಾರ್ರಿ. ಯಾರೋ ಬಸಣ್ಣ ಅಂತ, ಅವರ ಮನಿಗೆ.”

“ಆ ಬಸಣ್ಣ ನಾನ ಅದೀನಿ.”

“ಮತ್ತ ಇಲ್ಲೇನ್ ಮಾಡಾಕತ್ತೀರಿ?”

ದೊಡ್ಡಪ್ಪ ಬಂದ ದಾರಿಯಲ್ಲೇ ತಿರುಗಿ ಬಸ್ಸು ಹತ್ತಿದ. ಅವನು ಊರಿಗೆ ಮರಳುವಷ್ಟರಲ್ಲಿ ಜೀಪು ಹೋಗಿತ್ತು. ಬೇರೆ ದಿನ ಹೋಗಬಹುದಿತ್ತು, ನಿಜ. ಆದರೆ ಆ ಅವಮಾನವಾದ ಮೇಲೆ ಮಸ್ಕಿಯ ಹೆಸರೆತ್ತಿದರೆ ಸಾಕು, ಟವೆಲ್ ಕೊಡವಿ ಎದ್ದುಹೋಗುತ್ತಿದ್ದ. ಇನ್ನು ಉಳಿದದ್ದು ಒಂದೇ ಮಂಗಳವಾರ.

ಗಂಟು ಬಿಚ್ಚಿದವಳು ಎದುರುಮನೆಯ ಹುಸೇನ್‌ಬಿ. “ಯಾ ಅಲ್ಲಾ, ಬಸಣ್ಣ, ಆ ಸಾಹೇಬರು ನಿನ್ನ ಬೀಗರೇನು? ಮೊಮ್ಮಗಳ ಓದು ಚಾದಾಗ ಮುಳುಗಸ್ತಿ ನೀ!” ಎಂದು ಬೈದು ನೋಡಿದಳು. ದೊಡ್ಡಪ್ಪ ಜಗ್ಗಲಿಲ್ಲ. ಕಡೆಯ ಮಂಗಳವಾರ ಜೀಪು ಬಂದದ್ದೇ ತಡ, ಅವಳು ಓಣಿಯ ಆಚೆಯಿಂದ ಕೂಗಿದಳು: “ಸಾಬ್, ಟೇಬಲ್ ಇತ್ತ ತರ್ರಿ! ನಮ್ಮ ಕಟ್ಟಿ ಮ್ಯಾಲ ನೆಳ್ಳ ಐತಿ.” ರೇಣುಕಾ ಯಾರ ಒಪ್ಪಿಗೆಯನ್ನೂ ಕಾಯದೆ ಟೇಬಲ್ಲಿನ ಒಂದು ತುದಿ ಹಿಡಿದಳು. ಇನ್ನೊಂದು ತುದಿ ನಾನು ಹಿಡಿದೆ. ನನ್ನ ಎಂ.ಎ. ಪದವಿ ವಿಕೇಂದ್ರೀಕರಣಕ್ಕೆ ಸಲ್ಲಿಸಿದ ಸೇವೆ ಇಷ್ಟೇ.

ಸರ್ಕಾರ ಈಗ ಹುಸೇನ್‌ಬಿಯ ಅತಿಥಿ. ದೊಡ್ಡಪ್ಪ ಒಳಗೆ ಹೋಗಿ ರುಮಾಲು ಸುತ್ತಿ, ಚಪ್ಪಲಿ ಮೆಟ್ಟಿ, ಪರಸ್ಥಳಕ್ಕೆ ಹೊರಟವನಂತೆ ಓಣಿ ದಾಟಿ ಸಾಲಿನಲ್ಲಿ ನಿಂತ. ಪಾಳಿ ಬಂದಾಗ ಕೈಮುಗಿದು, “ನಮಸ್ಕಾರ್ರಿ. ನಂದೊಂದು ಕೆಲಸ ಐತಿ” ಎಂದ. ಅಧಿಕಾರಿ ಕಂಪ್ಯೂಟರಿನಿಂದ ತಲೆ ಎತ್ತದೆ, “ಮನಿ ಎಲ್ಲಿ?” ಎಂದರು. ದೊಡ್ಡಪ್ಪ ಗಂಭೀರವಾಗಿ ಹಿಂತಿರುಗಿ, ಅವರು ವಾರವಾರ ಚಹಾ ಕುಡಿದ ಬಾಗಿಲನ್ನು ತೋರಿಸಿದ.

ಹೋಟೆಲ್ಲಿನಲ್ಲಿ ಕೂತು ಇದನ್ನೆಲ್ಲ ನೆನೆಯುತ್ತ ನನಗೆ ದಿಗಿಲಾಯಿತು. ಇಷ್ಟು ಸೊಗಸಾದದ್ದು ಸುಳ್ಳೇ ಇರಬೇಕು. ಹೇಳಿ ಹೇಳಿ ನಾನೇ ಒಪ್ಪ ಹಾಕಿದ್ದಿರಬೇಕು. ಮಿರ್ಚಿ ಕಟ್ಟಿಸಿಕೊಂಡು ನೇರವಾಗಿ ಹಾಸ್ಟೆಲ್‌ಗೆ ನಡೆದೆ. ಗೇಟಿನಲ್ಲಿದ್ದ ಆಯಾಗೆ ರೇಣುಕಾಳ ಹೆಸರು ಹೇಳಿ, ಅಂಥವಳು ಇಲ್ಲವೆಂದಾಳೇನೋ ಎಂದು ನಿಜಕ್ಕೂ ಅಂಜುತ್ತ ನಿಂತೆ.

“ಕಾಕಾ, ಆ ಮಂತ್ರಿ ಬೆರಳ ತೋರಿಸಿಲ್ಲ, ಏನಿಲ್ಲ. ಮೂಗ ಒರಸಿಕೊಂಡ ಅಷ್ಟ,” ಎಂದು ಎಲ್ಲ ಕೇಳಿದ ಮೇಲೆ, ಅವತ್ತು ಸಭೆಯಲ್ಲಿದ್ದ ರೇಣುಕಾ ನಕ್ಕಳು. ಇರಬಹುದು. ಬಿಟ್ಟುಕೊಟ್ಟೆ. ಖುದ್ದು ಹೋಗಿ ಕಿವಿಯಾರೆ ಕೇಳಿ ಖಚಿತಪಡಿಸಿಕೊಂಡದ್ದು ಒಂದೇ: ಅದಕ್ಕೂ ಮೊದಲು ಗೇಟಿನಲ್ಲಿ ಆಯಾ “ರೇಣುಕಾ!” ಎಂದು ಕೂಗಿದಾಗ, ಮೇಲಿನ ಮಹಡಿಯಿಂದ “ಬಂದೇ!” ಎಂಬ ಉತ್ತರ ಬಂತು.