ಕಪ್ಪೆಗೆ ಮೆಟ್ಟಿಲು ಕಟ್ಟಿಸಿದ ಶಿವಪ್ಪ ಕಾಕಾ

ಶಿವಪ್ಪ ಕಾಕಾ ಅಂದರೆ ನನ್ನ ಕಣ್ಣಿಗೆ ಬರುವುದು ಒಂದೇ ಚಿತ್ರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ಸಿಲು, ಎಡಗೈಯಲ್ಲಿ ಒಂದು ನೆಲಗಪ್ಪೆ, ಬಲಗೈಯಲ್ಲಿ ಉಕ್ಕಿನ ಸ್ಕೇಲು. ದರ್ಜಿ ತೋಳಿನ ಅಳತೆ ತೆಗೆಯುವಷ್ಟು ಮರ್ಯಾದೆಯಿಂದ ಅವರು ಕಪ್ಪೆಯ ಹಿಂಗಾಲಿನ ಅಳತೆ ತೆಗೆಯುತ್ತಿದ್ದರು.

ಅವರು ಬಾಗಲಕೋಟೆ ಕಡೆಯವರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದು, ನಿವೃತ್ತರಾದ ಮೇಲೆ ಯಲಹಂಕದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದರು. ‘ಅಂಕಲ್’ ಅಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಕಾಕಾ ಅನ್ನಬೇಕು.

ನಾನು ಆಗಷ್ಟೇ ಡಿಸೈನ್ ಓದು ಮುಗಿಸಿದ್ದೆ. ಅಪಾರ್ಟ್‌ಮೆಂಟಿನ ಹಿಂದಿನ ಮಳೆನೀರಿನ ಚರಂಡಿಯನ್ನೂ ಅದರ ಪಕ್ಕದ ತೋಟವನ್ನೂ ಹೊಸದಾಗಿ ಮಾಡುವ ಕೆಲಸ ನನಗೆ ಸಿಕ್ಕಿತ್ತು. ನನ್ನ ಮೊದಲ ಕೆಲಸ. ನಕ್ಷೆಯನ್ನು ಕಾಕಾಗೆ ತೋರಿಸಿದೆ. ಕನ್ನಡಕ ಏರಿಸಿ ಅರ್ಧ ಗಂಟೆ ನೋಡಿದರು.

“ಇದು ಯಾರ ಸಲುವಾಗಿ ತಂಗಿ?”

“ಇಲ್ಲಿರೋರಿಗೆ ಕಾಕಾ. ಎಲ್ಲಾ ಫ್ಲ್ಯಾಟಿನವರಿಗೂ.”

“ಎರಡ್ ಕಾಲಿನವ್ರಿಗಷ್ಟ ಅನ್ನು. ಇದರಾಗ ಕಪ್ಪಿ ಬಿದ್ರ ಹ್ಯಾಂಗ ಮ್ಯಾಲೆ ಬರಬೇಕು?”

ನಾನು ನಕ್ಕೆ. ಅವರು ನಗಲಿಲ್ಲ. ನನ್ನನ್ನು ಹಳೆಯ ಚರಂಡಿಯ ಹತ್ತಿರ ಕರೆದುಕೊಂಡು ಹೋದರು. ತಳದಲ್ಲಿ ಏಳೆಂಟು ಕಪ್ಪೆಗಳು ನುಣ್ಣನೆಯ ಸಿಮೆಂಟ್ ಗೋಡೆಗೆ ಹಾರುತ್ತಿದ್ದವು, ಬೀಳುತ್ತಿದ್ದವು. ಇನ್ನೆರಡು ಹಾರುವುದನ್ನು ನಿಲ್ಲಿಸಿಬಿಟ್ಟಿದ್ದವು. ನನ್ನ ನಗು ಅಲ್ಲೇ ನಿಂತಿತು.

ಮರುದಿನದಿಂದ ಅಳತೆ ಶುರು. ನೆಲಕ್ಕೆ ರಂಗೋಲಿ ಪುಡಿ ಚೆಲ್ಲಿ, ಕಪ್ಪೆಯನ್ನು ಹಾರಿಸಿ, ಎಷ್ಟು ದೂರ, ಎಷ್ಟು ಎತ್ತರ ಎಂದು ಬರೆದುಕೊಂಡೆವು. ಒಂದು ಕಪ್ಪೆ ಎತ್ತರಕ್ಕೆ ಹಾರಿ ನನ್ನ ಕುರ್ತಾದ ಜೇಬಿಗೇ ಬಿತ್ತು. ಅದನ್ನು ಎತ್ತಿ ಡ್ರಾಯಿಂಗ್ ಹಾಳೆಯ ಮೇಲಿಟ್ಟರೆ ಮೂಲೆಯಲ್ಲಿ ಉಚ್ಚೆ ಹೊಯ್ದುಬಿಟ್ಟಿತು. ಕಾಕಾ ಆ ಒದ್ದೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, “ಸಹಿ ಹಾಕೇತಿ ನೋಡು. ಗಿರಾಕಿ ಒಪ್ಪಿದಂಗಾತು” ಅಂದರು. ನಾನು ನಕ್ಕು ನಕ್ಕು ನೆಲದ ಮೇಲೆ ಕೂತೆ. ಏನಾಯಿತೆಂದು ನೋಡಲು ವಾಚ್‌ಮನ್ ಓಡಿಬಂದ.

ಆದರೆ ಅಪಾರ್ಟ್‌ಮೆಂಟಿನ ಸಂಘದ ಒಪ್ಪಿಗೆ ಬೇಕಿತ್ತು. ಅಧ್ಯಕ್ಷರು ಮುನಿರಾಜಣ್ಣ. ಅಪಾರ್ಟ್‌ಮೆಂಟ್ ಎದ್ದದ್ದೇ ಅವರ ತಂದೆಯ ಗದ್ದೆಯಲ್ಲಿ. ಸಂಘದ ಸಭೆಯಲ್ಲಿ ನಕ್ಷೆ ನೋಡಿ, “ಕಪ್ಪೆಗೆಲ್ಲಾ ಮೆಟ್ಲು ಕಟ್ಕೊಂಡು ಇಂಗೆ ಕುಂತ್ರೆ ಆಯ್ತದಾ ಸ್ವಾಮಿ? ಬೇರೆ ಯಾರಿಗಾರ ಕೆಲ್ಸ ಕೊಡೋಣ” ಅಂದರು.

ಕಾಕಾ ಎದ್ದು ನಿಂತರು. “ಅಧ್ಯಕ್ಷರ, ನಿಮ್ಮ ಅಜ್ಜಾರ ಕಾಲಕ್ಕ ಈ ಗದ್ದ್ಯಾಗ ಕಪ್ಪಿ ಇದ್ವೋ ಇಲ್ಲೋ?”

“ಇಲ್ದೆ ಏನು? ಮಳೆ ಬಂದ್ರೆ ಮಲಗಕ್ ಬಿಡ್ತಿರ್ಲಿಲ್ಲ ಅಂತಿದ್ರು ನಮ್ ತಾತ.”

“ಅಂದ್ರ ಅವು ಹಳೇ ಮಾಲಕ್ರು. ನಾವು ನಿನ್ನೆ ಬಂದ ಬಾಡಿಗಿ ಮಂದಿ.”

ಸಭೆ ಗೊಳ್ಳೆಂದಿತು. ಮುನಿರಾಜಣ್ಣನಿಗೂ ನಗು ತಡೆಯಲಾಗಲಿಲ್ಲ. “ಆಯ್ತು, ಕಟ್ರಿ. ನಾಳೆ ಲಿಫ್ಟ್ ಕೇಳ್ಬ್ಯಾಡಿ” ಅಂದರು.

ಚರಂಡಿಯ ಒಂದು ಕೊನೆಯಲ್ಲಿ ಒರಟು ಕಲ್ಲಿನ ಮೆಟ್ಟಿಲು ಕಟ್ಟಿಸಿದೆವು. ಮೊದಲ ಮಳೆ ಬಂತು. ಒಂದು ಕಪ್ಪೆಯೂ ಹತ್ತಲಿಲ್ಲ. ಗೋಡೆಯನ್ನೇ ಒತ್ತಿಕೊಂಡು ನಡೆಯುತ್ತ ಮೆಟ್ಟಿಲನ್ನು ದಾಟಿ ಹೋಗುತ್ತಿದ್ದವು. ನನಗೆ ಅಳು ಬಂತು. ಕಾಕಾ ಕೊಡೆ ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಅವುಗಳನ್ನೇ ನೋಡುತ್ತ ನಿಂತರು.

“ಕಪ್ಪೀದೇನೂ ತಪ್ಪಿಲ್ಲ ತಂಗಿ. ಅವಕ್ಕ ಡ್ರಾಯಿಂಗ್ ಓದಾಕ ಬರಂಗಿಲ್ಲ. ಅವು ಹೋಗೋ ದಾರಿಗೇ ನಾವು ಮೆಟ್ಲಾ ಒಯ್ಯಬೇಕು.”

ಮೆಟ್ಟಿಲು ಒಡೆಸಿದೆವು. ಎರಡೂ ಗೋಡೆಗೆ ಅಂಟಿಕೊಂಡಂತೆ, ಹತ್ತು ಹೆಜ್ಜೆಗೊಂದರಂತೆ ಸಣ್ಣ ಮೆಟ್ಟಿಲುಗಳನ್ನು ಕಟ್ಟಿಸಿದೆವು. ಮುಂದಿನ ಮಳೆಯ ಬೆಳಗ್ಗೆ ಕೆಳಗಿನಿಂದ ಕೂಗು ಕೇಳಿ ಓಡಿದೆ. ಮುನಿರಾಜಣ್ಣ ಲುಂಗಿ ಎತ್ತಿ ಕಟ್ಟಿಕೊಂಡು, ತಲೆಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. “ಅತ್ತು, ಅತ್ತು ಮಗಾ, ಇನ್ನೊಂದೇ ಮೆಟ್ಲು” ಎಂದು ಒಂದು ದಪ್ಪ ಕಪ್ಪೆಯನ್ನು ಹುರಿದುಂಬಿಸುತ್ತಿದ್ದರು. ಅದು ಮೇಲೆ ಬಂದಾಗ ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು. ಕಾಕಾ ಮಾತ್ರ ಪುಸ್ತಕ ತೆಗೆದು ಗಂಭೀರವಾಗಿ ಸಮಯ ಬರೆದುಕೊಂಡರು.

ಕಾಕಾ ಈಗಿಲ್ಲ. ಊರಿನ ಶಾಲೆಯ ಬಾವಿಗೆ ಅಳಿಲುಗಳು ಬೀಳುತ್ತವೆಂದು ಅವರ ತಮ್ಮ ಫೋನ್ ಮಾಡಿದ್ದೇ ನೆಪ, ಹೊರಟುಬಿಟ್ಟರು. ಬಾವಿಯ ಕೆಲಸ ಮುಗಿದ ವಾರದಲ್ಲೇ ಅಲ್ಲೇ ತೀರಿಕೊಂಡರು.

ಹೊರಟ ದಿನ ಯಲಹಂಕ ಸ್ಟೇಷನ್ನಿಗೆ ನಾನೇ ಬಿಡಲು ಹೋಗಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಹೇಗೆ ಕೂತರೂ ಅವರ ಬೆನ್ನಿಗೆ ಸರಿಹೋಗಲಿಲ್ಲ. ಬಗ್ಗಿ ಕೆಳಗೆ ನೋಡಿದರು. ಬೆಂಚಿನ ನೆರಳಲ್ಲಿ ನಾಯಿಯೊಂದು ನಾಲ್ಕೂ ಕಾಲು ಚಾಚಿ ಗಾಢ ನಿದ್ದೆಯಲ್ಲಿತ್ತು.

“ಮನಶ್ಯಾರಿಗಂತ ಮಾಡ್ಯಾರ, ನಾಯಿಗೆ ಸರಿಹೋಗೇತಿ” ಅಂದರು. “ಪಾಪ, ಇಂಜಿನಿಯರ್ ಪೂರ್ತಿ ಸೋತಿಲ್ಲ ಬಿಡು.”

ಅಷ್ಟರಲ್ಲಿ ರೈಲು ಬಂತು. ನಗುತ್ತಲೇ ಅವರ ಚೀಲ ಎತ್ತಿಕೊಟ್ಟೆ. ಆ ನಗುವಿನಲ್ಲಿ ‘ಹೋಗಿ ಬನ್ನಿ’ ಅನ್ನುವುದೇ ಮರೆತುಹೋಯಿತು.